‘ಹಿಂದೆ’ ಎಂಬ ಹೆಸರಿನ ಗೂಡು

ತಿರುಗುಣಿ ಊರು,
ಫೆಬ್ರವರಿ ೩೧, ೨೪೧೮

ಶ್ರೀ ಅಥವಾ ಶ್ರೀಮತಿ ಬೆಣ್ಣೆದೋಸೆಯವರಿಗೆ, ಹುಲಿಗೆಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೊಂದೇ ದಿನ. ಭೂಮಿಯ ಲೆಕ್ಕ ಇಲ್ಲಿಗೆ ಹೊಂದದೆ, ಯಾರೋ ಹಿರಿಯರು ಬೇಸತ್ತು ಹಾಗೆ ಮಾಡಿಬಿಟ್ಟರಂತೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೂ ಕ್ಷಮೆ ಇರಲಿ. ನಿಮ್ಮ ಕಾಲದ ಬರವಣಿಗೆಯ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತಿದ್ದೇನೆ. ಆದರೆ ಬೆಣ್ಣೆಯನ್ನಾಗಲಿ ದೋಸೆಯನ್ನಾಗಲಿ ಕಂಡವಳಲ್ಲ. ಅದು ನಿಮ್ಮ ಮನೆತನದ ಹೆಸರೋ, ಯಾರಾದರೂ ಕೊಟ್ಟ ಬಿರುದೋ ಎಂದು ನಮ್ಮಲ್ಲಿ ಇಂದಿಗೂ ವಾದ ನಡೆಯುತ್ತದೆ. ನೀವು ಬರೆದ ತೇಪೆಯ ಕೊನೆಯಲ್ಲಿ ಅದೊಂದೇ ಹೆಸರಿದೆ.

ತೇಪೆ ಎಂದರೆ ನೀವು ಮಾಡ್ ಎನ್ನುತ್ತಿದ್ದದ್ದು, ಆಟಕ್ಕೆ ಆಡುವವರೇ ಬರೆದು ಸೇರಿಸುವ ತುಣುಕು. ರಾಕೆಟ್ ಕಟ್ಟಿ ಆಕಾಶಕ್ಕೆ ಹಾರಿಸುವ ಆ ಕಂಪ್ಯೂಟರ್ ಆಟವನ್ನು ನೀವು ಬಿಡುವಿನಲ್ಲಿ ಆಡುತ್ತಿದ್ದಿರಿ, ಅದಕ್ಕೆ ನಿಮ್ಮದೂ ಒಂದು ತೇಪೆ ಹಚ್ಚಿದಿರಿ. ನಮ್ಮಲ್ಲಿ ಅದು ಆಟವಾಗಿ ಉಳಿದಿಲ್ಲ. ಭೂಮಿಯಿಂದ ಬಂದ ನಮ್ಮ ಹಿರಿಯರು ಬಳ್ಳಾರಿ ಕಡೆಯ ಗಣಿ ಕೆಲಸದವರು. ಹಾರಾಟದ ಲೆಕ್ಕ ಹಾಕಲು ಅವರು ತಂದಿದ್ದ ದೊಡ್ಡ ದೊಡ್ಡ ಯಂತ್ರಗಳು ಪರವಾನಗಿ ಮುಗಿಯಿತೆಂದು ಒಂದೊಂದಾಗಿ ಬಾಯಿ ಮುಚ್ಚಿಕೊಂಡವು. ಯಾರದೋ ಪೆಟ್ಟಿಗೆಯಲ್ಲಿ ಬಂದಿದ್ದ ಈ ಆಟ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ನಡೆಯಿತು. ಅದಕ್ಕೇ ತೇಪೆಯ ಮೇಲೆ ತೇಪೆ ಹಚ್ಚಿ ನಿಜದ ಲೆಕ್ಕಕ್ಕೆ ತಂದರು. ನಾವು ಅದನ್ನು ಅಣಕು ಎನ್ನುತ್ತೇವೆ, ರಾಕೆಟ್ಟನ್ನು ಬಂಡಿ ಎನ್ನುತ್ತೇವೆ. ಯಾವ ಬಂಡಿಯೂ ಮೊದಲು ಅಣಕಿನಲ್ಲಿ ಊರು ಸೇರದೆ ನಿಜದಲ್ಲಿ ಸೇರುವಂತಿಲ್ಲ. ಬಂಡಿಯ ಒಳಗೂ ಇದೇ ಅಣಕು ಕುಳಿತಿರುತ್ತದೆ, ಬ್ರೇಕು ಹಾಕುವುದು ಅದೇ.

ನಿಮ್ಮ ತೇಪೆಯ ಕೆಳಗೆ ದೂರು ಬರೆಯಲು ಒಂದು ಪುಟವಿದೆಯಲ್ಲ, ಅದು ಇಲ್ಲಿ ಇನ್ನೂ ತೆರೆದುಕೊಳ್ಳುತ್ತದೆ. ಕೊನೆಯ ದೂರು ನಿಮ್ಮ ಕಾಲದ್ದೇ: ‘ಗುರು, ಲೋಡ್ ಆಗ್ತಾನೇ ಇಲ್ಲ.’ ಅದಕ್ಕೆ ನೀವು ‘ನಾಳೆ ನೋಡ್ತೀನಿ’ ಎಂದಿದ್ದೀರಿ. ಮುಂದೆ ಏನಾಯಿತೋ ಗೊತ್ತಿಲ್ಲ. ಅದರ ಕೆಳಗೆ ನಾನು ಬರೆಯುತ್ತಿದ್ದೇನೆ. ನಿಮಗೆ ಮುಟ್ಟುತ್ತದೆಯೋ ಇಲ್ಲವೋ, ಪುಟ ನನ್ನ ಅಕ್ಷರಗಳನ್ನು ಬೇಡ ಎನ್ನಲಿಲ್ಲ, ನನಗೆ ಅಷ್ಟು ಸಾಕು.

ತಿರುಗುಣಿ ಎಂಬುದು ಆಕಾಶದ ನಡುವೆ ಗಾಣದಂತೆ ಸದಾ ತಿರುಗುವ ಊರು. ತಿರುಗುವುದರಿಂದಲೇ ನಮ್ಮ ಕಾಲು ನೆಲದ ಮೇಲೆ ನಿಲ್ಲುತ್ತದೆ. ಇಲ್ಲಿ ಜೋಳ ಬೆಳೆಯುತ್ತೇವೆ, ರೊಟ್ಟಿ ಬಡಿಯುತ್ತೇವೆ, ಜಗಳವಾಡುತ್ತೇವೆ, ಮದುವೆ ಮಾಡುತ್ತೇವೆ. ಇಲ್ಲದಿರುವುದು ನೀರು. ಮುಖ ತೊಳೆದ ನೀರಿನಲ್ಲಿ ಪಾತ್ರೆ ತೊಳೆದು, ಅದೇ ನೀರನ್ನು ಜೋಳದ ಮಡಿಗೆ ಬಿಡುತ್ತೇವೆ. ದೂರದ ಒಂದು ಹಿಮಗಲ್ಲಿನಿಂದ ಬಂಡಿಗಳು ಮಂಜುಗಡ್ಡೆ ತುಂಬಿಕೊಂಡು ಬರಬೇಕು. ಬಂಡಿ ಬಂದು ಊರಿನ ಗೋಡೆಗೆ ಕೂಡಿಕೊಳ್ಳುವುದಕ್ಕೆ ಬೆಸುಗೆ ಎನ್ನುತ್ತೇವೆ. ಬೆಸುಗೆಯಾದ ದಿನ ಎಲ್ಲರೂ ತಲೆಗೆ ಸ್ನಾನ ಮಾಡುತ್ತೇವೆ. ಬಹಳ ಕಾಲ ಒಂದು ತೊಟ್ಟಿಯ ಬಂಡಿಗಳೇ ಇದ್ದವು. ಜನ ಹೆಚ್ಚಿದ ಮೇಲೆ ನಮ್ಮವರೇ ಎರಡು ತೊಟ್ಟಿಯ ಬಂಡಿ ಕಟ್ಟಿ, ಅದಕ್ಕಾಗಿ ಅಣಕಿಗೆ ಒಂದು ಹೊಸ ತೇಪೆಯನ್ನೂ ಬರೆದರು. ಮುಂದೊಂದು ತೊಟ್ಟಿ, ಹಿಂದೊಂದು ತೊಟ್ಟಿ. ಬ್ರೇಕಿನ ಎಂಜಿನ್ನುಗಳೆಲ್ಲ ಹಿಂದಿನ ತೊಟ್ಟಿಗೇ ಕಟ್ಟಿರುತ್ತವೆ.

ಮೊದಲ ಎರಡು ತೊಟ್ಟಿಯ ಬಂಡಿ ತಂದವರು ಕೊಟ್ರೇಶಿಯವರು. ನನ್ನ ಜೊತೆ ಅಣಕಿನ ಮನೆಯಲ್ಲಿ ಕೆಲಸ ಮಾಡುವ ಪಂಪಕ್ಕನ ಗಂಡ. ಹೋಗುವಾಗ ಖಾಲಿ ತೊಟ್ಟಿಯೊಡನೆ ಅಣಕು ಸಲೀಸಾಗಿ ನಡೆದಿತ್ತು. ತುಂಬಿಕೊಂಡು ಬರುವಾಗ ನೋಡಿದರೆ ಅಣಕಿನ ಬಂಡಿ ಪ್ರತಿ ಸಲವೂ ಕೊನೆಗಳಿಗೆಯಲ್ಲಿ ಚಳಿಜ್ವರ ಬಂದಂತೆ ನಡುಗಿ, ಅಡ್ಡ ತಿರುಗಿ, ಊರಿನ ಗೋಡೆಗೆ ಬಡಿಯಿತು. ಆಸೆಬಿದ್ದು ಭಾರ ಹೆಚ್ಚು ಮಾಡಿಕೊಂಡಿದ್ದಾನೆ ಎಂದು ಊರೆಲ್ಲ ಮಾತಾಯಿತು. ತೊಟ್ಟಿಯೊಳಗೆ ಕಲ್ಲಿನಂತೆ ಕಟ್ಟಿದ ಮಂಜುಗಡ್ಡೆಯನ್ನು ಹೊರಗೆ ಚೆಲ್ಲಲೂ ಬಾರದು. ಊರ ಹಿರಿಯರಾದ ಗಾದಿಲಿಂಗಪ್ಪನವರು ಬಂಡಿಯನ್ನು ಪಕ್ಕಕ್ಕೆ ಸರಿಸಿ ದಾಟಿ ಹೋಗಲು ಹೇಳಿದರು. ದಾಟಿದ ಬಂಡಿಗೆ ಮರಳಿ ಬರುವಷ್ಟು ಇಂಧನ ಇರುವುದಿಲ್ಲ. ಕೊಟ್ರೇಶಿಯವರ ದನಿ ಸ್ವಲ್ಪ ಕಾಲ ರೇಡಿಯೋದಲ್ಲಿ ಕೇಳುತ್ತಿತ್ತು, ಆಮೇಲೆ ಇಲ್ಲ. ಪಂಪಕ್ಕ ಮಾರನೆಯ ವಾರ ಕೆಲಸಕ್ಕೆ ಬಂದಳು. ದುರಾಸೆಯವನ ಹೆಂಡತಿ ಎಂಬ ಮಾತನ್ನು ಕಿವಿಗೆ ಹಾಕಿಕೊಳ್ಳದವಳಂತೆ ಇದ್ದಳು.

ಎರಡನೆಯ ಬಂಡಿ ತಂದವರು ನಮ್ಮ ಮನೆಯವರು, ಎರ್ರಿಸ್ವಾಮಿ. ಅದು ಅವರ ಸರದಿಯೇ ಅಲ್ಲ. ಬೇಡ ಎಂದು ನಾನು ಅತ್ತು ಕರೆದು ಜಗಳ ಮಾಡಿದ್ದೆ, ಅವರು ನನ್ನ ಮಾತು ಕೇಳದೆ ಹೋದರು. ಎರಡೂ ತೊಟ್ಟಿಗಳನ್ನು ಅರ್ಧಕ್ಕಿಂತ ಸ್ವಲ್ಪವೇ ಮೇಲೆ ತುಂಬಿಸಿಕೊಂಡಿದ್ದರು. ಆದರೂ ಅಣಕಿನಲ್ಲಿ ಬಂಡಿ ನಡುಗಿತು, ತಿರುಗಿತು, ಗೋಡೆಗೆ ಬಡಿಯಿತು. ಗಾದಿಲಿಂಗಪ್ಪನವರು ಅಣಕಿನ ಮನೆಯ ಬಾಗಿಲಲ್ಲೇ ನಿಂತು ಹೇಳಿದರು: “ನೋಡವ್ವಾ ಹುಲಿಗೆಮ್ಮ, ಒಂದು ಬಂಡಿ ಸಲುವಾಗಿ ಊರು ಒಡೀಲಿಕ್ಕೆ ಆಗಂಗಿಲ್ಲ. ಅಣಕು ಹೂಂ ಅಂದ್ರ ಬರಲಿ. ಇಲ್ಲಂದ್ರ ನಾ ಕೊಟ್ರೇಶಿಗೆ ಹೇಳಿದ್ದನ್ನ ಇವಂಗೂ ಹೇಳ್ಬೇಕಾಗ್ತೈತಿ.” ಅವರ ಮೇಲೆ ಸಿಟ್ಟು ಬಂತು. ಆದರೆ ಗೋಡೆಯ ಈಚೆ ಮಲಗಿರುವ ಕೂಸುಗಳನ್ನು ನೆನೆದರೆ ಅವರ ಮಾತು ತಪ್ಪೆಂದು ಹೇಳಲೂ ಆಗಲಿಲ್ಲ. ಬಂಡಿ ಪಕ್ಕಕ್ಕೆ ಸರಿಯಬೇಕಾದ ಜಾಗ ತಲುಪುವುದರೊಳಗೆ ನಾನು ತೋರಿಸಿಕೊಡಬೇಕಿತ್ತು: ಇದು ಭಾರದ ನಿಜವಲ್ಲ, ತೇಪೆಯ ಸುಳ್ಳು ಎಂದು.

ನನ್ನ ಪಕ್ಕದಲ್ಲಿ ಕೂರಬೇಕಾದವಳು ಪಂಪಕ್ಕ. ಅವಳನ್ನು ಕರೆಯಲು ಧೈರ್ಯ ಬರದೆ ಅವಳ ಮುಖವನ್ನೇ ನೋಡಿದೆ. ಸುಳ್ಳೆಂದು ಸಾಬೀತಾದರೆ ನನ್ನ ಗಂಡ ಮನೆಗೆ ಬರುತ್ತಾರೆ, ಅವಳ ಗಂಡ ಸುಮ್ಮನೆ ಸತ್ತರೆಂದಾಗುತ್ತದೆ. ಅವಳೇ ಕುರ್ಚಿ ಎಳೆದುಕೊಂಡು ಕೂತಳು. “ಏ ಹುಲಿಗಿ, ನನ್ನ ಮಾರಿ ಏನ್ ನೋಡ್ತಿ, ಕೆಂಪಕ್ಷರ ಓದು” ಎಂದಳು.

ಕೆಂಪಕ್ಷರ ಎಂದರೆ ಅಣಕು ತಪ್ಪಿದಾಗಲೆಲ್ಲ ಬರೆಯುವ ದೂರುಗಳು. ನಿಮ್ಮ ಕಾಲದಲ್ಲೂ ಇದ್ದವು, ನೀವೂ ಓದುತ್ತಿರಲಿಲ್ಲ ಎಂದು ಬಲ್ಲೆ. ಸಾವಿರ ಸಾಲು ಕೆಂಪಿದ್ದರೂ ಬಂಡಿ ಹಾರುತ್ತದಲ್ಲ ಎಂಬ ಉಡಾಫೆ ನಮಗೆ ನಿಮ್ಮಿಂದಲೇ ಬಂದದ್ದು. ಅಂದು ಒಂದೊಂದು ಸಾಲನ್ನೂ ಓದಿದೆವು. ಇಲ್ಲದ ಬಣ್ಣಕ್ಕೆ ದೂರು, ಕಾಣೆಯಾದ ಸದ್ದಿಗೆ ದೂರು, ಕೆಲಸಕ್ಕೆ ಬಾರದ್ದೇ ಎಲ್ಲ. ಆಮೇಲೆ ಕುಂಟಿನ ಮೇಲೆ ಅನುಮಾನ ಬಂತು. ಲೆಕ್ಕ ಹೆಚ್ಚಾಗಿ ಪರದೆ ತಡವರಿಸುವುದಕ್ಕೆ ಕುಂಟು ಎನ್ನುತ್ತೇವೆ. ಕುಂಟು ಬಂದಾಗ ಅಣಕಿನ ಗಡಿಯಾರವೂ ನಿಧಾನವಾಗಿ, ಬ್ರೇಕು ತಡವಾಗುವುದುಂಟು. ಹೊಗೆಯ ತೇಪೆ ಕಿತ್ತೆವು, ನಕ್ಷತ್ರ ಮಿನುಗಿಸುವ ತೇಪೆ ಕಿತ್ತೆವು, ಯಾರೋ ಪುಣ್ಯಾತ್ಮರು ಊರಿನ ಗೋಡೆಗೆ ಹಚ್ಚಿದ್ದ ರಂಗೋಲಿಯ ತೇಪೆಯನ್ನೂ ಕಿತ್ತೆವು. ಪರದೆ ನೀರು ಹರಿದಂತೆ ಓಡತೊಡಗಿತು. ಅಷ್ಟೇ ಚೆನ್ನಾಗಿ ಬಂಡಿ ಗೋಡೆಗೆ ಬಡಿಯಿತು.

ಉಳಿದದ್ದು ಅರೆಪಾಲು. ತೇಪೆಗಳಲ್ಲಿ ಅರ್ಧ ತೆಗೆದು ನೋಡುವುದು, ತಪ್ಪು ಉಳಿದರೆ ಉಳಿದ ಅರ್ಧದಲ್ಲಿ ಮತ್ತೆ ಅರ್ಧ ತೆಗೆಯುವುದು. ನೀವೂ ಇದನ್ನು ಮಾಡಿದವರೇ. ಹೇಳುವುದು ಸುಲಭ, ಆದರೆ ಪ್ರತಿ ಸಲವೂ ಅಣಕನ್ನು ಮುಚ್ಚಿ ತೆರೆಯಬೇಕು. ಒಂದು ಸಲ ತೆರೆದುಕೊಳ್ಳುವಷ್ಟರಲ್ಲಿ ನಾಲ್ಕು ಮನೆಗೆ ಸಾಕಾಗುವಷ್ಟು ರೊಟ್ಟಿ ಬಡಿಯಬಹುದು. ಎಷ್ಟು ತೆರೆಯಿತೆಂದು ತೋರಿಸುವ ಬಿಳಿ ಗೆರೆ ತುಂಬುವುದನ್ನು ನೋಡುತ್ತ ಕೂತಿದ್ದಾಗ ನನಗೆ ಕಾಣುತ್ತಿದ್ದದ್ದು ಅತ್ತಲಿಂದ ಬರುತ್ತಿದ್ದ ಬಂಡಿಯೊಂದೇ. ಒಂದು ತೇಪೆ ತೆಗೆದರೆ ಅದನ್ನು ನಂಬಿದ್ದ ಇನ್ನೆರಡು ಮುನಿಸಿಕೊಂಡವು. ಒಮ್ಮೆಯಂತೂ ಅಣಕು ತೆರೆದಾಗ ಬಂಡಿ ಇತ್ತು, ನಮ್ಮ ಊರೇ ಇರಲಿಲ್ಲ. “ಊರಿಲ್ಲದ ಮ್ಯಾಲೆ ಬಡಿಯೋ ಚಿಂತೀನೂ ಇಲ್ಲ ಬಿಡು” ಎಂದು ಪಂಪಕ್ಕ ನಕ್ಕಳು. ನಾನೂ ನಕ್ಕೆ, ನಗುತ್ತಲೇ ಅತ್ತುಬಿಟ್ಟೆ.

ಕೊನೆಗೆ ಉಳಿದದ್ದು ಎರಡು. ಹಿಂದಿನ ಕ್ಷಣದ ವೇಗವನ್ನು ಈಗಿನ ವೇಗಕ್ಕೆ ಹೋಲಿಸಿ ಬ್ರೇಕು ಎಷ್ಟೆಂದು ಹೇಳುವ ನಿಮ್ಮ ತೇಪೆ, ನಮ್ಮವರ ಎರಡು ತೊಟ್ಟಿಯ ತೇಪೆ. ನಿಮ್ಮದೊಂದೇ ಇದ್ದರೆ ನಡುಕವಿಲ್ಲ, ನಮ್ಮದೊಂದೇ ಇದ್ದರೂ ನಡುಕವಿಲ್ಲ, ಎರಡೂ ಕೂಡಿದರೆ ಜ್ವರ. ಒಂದನ್ನು ಬಿಡೋಣವೆಂದರೆ ನಿಮ್ಮದಿಲ್ಲದೆ ಬ್ರೇಕಿಲ್ಲ, ನಮ್ಮದಿಲ್ಲದೆ ತೊಟ್ಟಿಯಿಲ್ಲ. ಎರಡನ್ನೂ ಸಾಲು ಸಾಲಾಗಿ ಓದಿದೆವು. ನಾನು ಗಟ್ಟಿಯಾಗಿ ಓದಿದೆ, ಪಂಪಕ್ಕ ಬೆರಳಿಟ್ಟು ನೋಡಿದಳು. ಒಂದು ಅಕ್ಷರವೂ ತಪ್ಪಿರಲಿಲ್ಲ.

ಅಷ್ಟರಲ್ಲಿ ಗಾದಿಲಿಂಗಪ್ಪನವರು ಬಂದು, ಗಂಡನ ಜೊತೆ ಮಾತಾಡಬೇಕಿದ್ದರೆ ಈಗಲೇ ಮಾತಾಡು ಎಂದರು. ಯಾಕೆ ಹೇಳಿದರೆಂದು ತಿಳಿಯಿತು. ಬಂಡಿಗೆ ಮಾತು ಮುಟ್ಟಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಉತ್ತರಕ್ಕೂ ಅಷ್ಟೇ. ನಮ್ಮ ಮನೆಯವರ ದನಿ ಬಂತು: “ನೀ ಹೋಗಬ್ಯಾಡ ಅಂದಿದ್ದಿ. ನಾ ಕೇಳಲಿಲ್ಲ. ತಪ್ಪಾತು ನೋಡು.” ಈ ಹೊತ್ತಿನಲ್ಲಿ ಆ ಜಗಳ ಯಾಕೆ ಎತ್ತಬೇಕು! “ಹಿಂದಿಂದು ಬಿಡ್ರಿ” ಎಂದೆ, “ಈಗ ಹಿಂದಿಂದು ಬಿಟ್ಟುಬಿಡ್ರಿ.” ಸುಮಾರು ಹೊತ್ತು ಬರೀ ಗುಂಯ್ ಎನ್ನುವ ಸದ್ದು. ಆಮೇಲೆ ಅವರು ನಿಧಾನವಾಗಿ ಕೇಳಿದರು: “ಹಿಂದಿಂದು ಬಿಟ್ರ ಬ್ರೇಕೂ ಅದರ ಜತೀನ ಹೋಗ್ತೈತಲ್ಲ ಹುಲಿಗೆಮ್ಮ. ನೀ ಏನೋ ಲೆಕ್ಕ ಹಾಕಿರ್ಬೇಕು. ಹಿಡಿಕಿ ಮ್ಯಾಲೆ ಕೈ ಇಟ್ಟೀನಿ. ಖರೇನ ಬಿಡ್ಲೇನು?”

ಬೆಂಕಿ ಬಿದ್ದರೆ ಹಿಂದಿನ ತೊಟ್ಟಿಯನ್ನು ಕಳಚಿಬಿಡಲು ಬಂಡಿಯಲ್ಲಿ ಒಂದು ಹಿಡಿಕೆ ಇರುತ್ತದೆ. ನಾನು ಹಳೆಯ ಜಗಳ ಬಿಡಿ ಎಂದರೆ ಅವರು ತೊಟ್ಟಿ ಬಿಡು ಎಂದು ತಿಳಿದಿದ್ದರು. “ಬಿಡಬ್ಯಾಡ್ರಿ, ಕೈ ತೆಗೀರಿ” ಎಂದು ಕಿರುಚಿದೆ. ಆ ಕಿರುಚು ಅವರಿಗೆ ಮುಟ್ಟುವ ಮೊದಲೇ ಎಳೆದುಬಿಟ್ಟರೆ? ಮೇಜಿನ ಅಂಚು ಹಿಡಿದು ನಿಂತೆ. ನನ್ನ ಗಂಡ ನನ್ನ ಮಾತು ಕೇಳುವವರಲ್ಲ, ಬಿಡಿ ಎಂದದ್ದನ್ನು ಇವತ್ತೂ ಕೇಳದಿರಲಿ ದೇವರೇ ಎಂದು ಬೇಡಿಕೊಂಡೆ. “ತೆಗದೆ” ಎಂಬ ಒಂದು ಮಾತು ಬಂತು.

ಪಂಪಕ್ಕ ಮಾತ್ರ ಪರದೆಯನ್ನು ನೋಡುತ್ತಿದ್ದಳು. “ಹುಲಿಗಿ, ನಿನ್ನ ಹಿಂದಿಂದು ಬ್ಯಾರೆ, ಅವರ ಹಿಂದಿಂದು ಬ್ಯಾರೆ” ಎಂದಳು. ಆಮೇಲೆ ಎರಡೂ ತೇಪೆಗಳಲ್ಲಿ ಒಂದೇ ಮಾತಿನ ಮೇಲೆ ಬೆರಳಿಟ್ಟಳು.

ಬೆಣ್ಣೆದೋಸೆಯವರೇ, ಅಣಕು ಪ್ರತಿಯೊಂದು ಲೆಕ್ಕವನ್ನೂ ಒಂದೊಂದು ಗೂಡಿನಲ್ಲಿ ಇಡುತ್ತದೆ, ಗೂಡಿಗೊಂದು ಹೆಸರಿರುತ್ತದೆ. ಹಿಂದಿನ ಕ್ಷಣದ ವೇಗವನ್ನಿಡುವ ಗೂಡಿಗೆ ನೀವು ‘ಹಿಂದೆ’ ಎಂದು ಹೆಸರಿಟ್ಟಿರಿ. ಎಷ್ಟೋ ತಲೆಮಾರಿನ ನಂತರ ನಮ್ಮವರು ಹಿಂಬದಿಯ ತೊಟ್ಟಿಯ ಭಾರವನ್ನಿಡಲು ಒಂದು ಗೂಡು ಮಾಡಿ, ಅದಕ್ಕೂ ‘ಹಿಂದೆ’ ಎಂದೇ ಹೆಸರಿಟ್ಟರು. ಕನ್ನಡದವರಿಗೆ ಎರಡೂ ಸರಿಯೇ, ಅದಕ್ಕೇ ಅಷ್ಟು ಸಲ ಓದಿದರೂ ನಮ್ಮ ಕಣ್ಣಿಗೆ ಬೀಳಲಿಲ್ಲ. ಅಣಕಿಗೆ ಮಾತ್ರ ಅದು ಒಂದೇ ಗೂಡು. ವೇಗ ಇರಬೇಕಾದಲ್ಲಿ ಮಂಜುಗಡ್ಡೆಯ ಭಾರ ಬಂದು ಕೂರುತ್ತಿತ್ತು, ಅಷ್ಟು ದೊಡ್ಡ ಅಂಕಿ ಕಂಡು ಅಣಕು ಹೆದರಿ ಇದ್ದಬದ್ದ ಬ್ರೇಕನ್ನೆಲ್ಲ ಒಮ್ಮೆಲೇ ಹಾಕಿ ಬಂಡಿಯನ್ನು ಅಡ್ಡ ತಿರುಗಿಸುತ್ತಿತ್ತು. ತೊಟ್ಟಿ ಖಾಲಿಯಿದ್ದಾಗ ಗೂಡಿನಲ್ಲಿಡಲು ಭಾರವೇ ಇಲ್ಲದೆ ಏನೂ ಆಗುತ್ತಿರಲಿಲ್ಲ.

ನಮ್ಮ ತೇಪೆಯಲ್ಲಿ ‘ಹಿಂಬದಿ’ ಎಂದು ತಿದ್ದಿದೆವು. ಅಣಕನ್ನು ಮುಚ್ಚಿ ತೆರೆದೆವು. ಅಣಕಿನ ಬಂಡಿ ಬಂದು ಗೋಡೆಗೆ ಮೆತ್ತಗೆ ಕೂಡಿಕೊಂಡಿತು. ಗಾದಿಲಿಂಗಪ್ಪನವರು ಇನ್ನೊಮ್ಮೆ ನಡೆಸಿ ಎಂದರು, ನಡೆಸಿದೆವು, ಮತ್ತೆ ಕೂಡಿಕೊಂಡಿತು. ಆದರೆ ಬಂಡಿಯೊಳಗಿನ ಅಣಕನ್ನೂ ತಿದ್ದಬೇಕಿತ್ತು. ಅದು ಮುಚ್ಚಿ ತೆರೆಯುವವರೆಗೆ ಬಂಡಿಗೆ ಕಣ್ಣೂ ಇಲ್ಲ, ಬ್ರೇಕೂ ಇಲ್ಲ, ಪಕ್ಕಕ್ಕೆ ಸರಿಯುವ ಜಾಗವೂ ಅಷ್ಟರಲ್ಲಿ ದಾಟಿಹೋಗುತ್ತದೆ. ಗಾದಿಲಿಂಗಪ್ಪನವರು ನನ್ನನ್ನು ನೋಡಿದರು, ಹೂಂ ಎಂದು ತಲೆಯಾಡಿಸಿದರು. ಆ ಒಂದು ಹೂಂ ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಅವರ ಮುಖದಲ್ಲಿ ಕಾಣುತ್ತಿತ್ತು. ನಮ್ಮ ಮನೆಯವರು ತಿದ್ದಿದರು, ಮುಚ್ಚಿದರು. ದನಿಯೂ ನಿಂತಿತು. ಊರಿನಲ್ಲಿ ಒಲೆಗಳನ್ನು ಆರಿಸಿದರು, ಮಕ್ಕಳನ್ನು ಗೋಡೆಯಿಂದ ದೂರ ಕರೆದೊಯ್ದರು. ಕಾಯುವುದು ಇಷ್ಟು ಕೆಟ್ಟದ್ದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆಮೇಲೆ ನೆಲ ಒಮ್ಮೆ ಮೆಲ್ಲನೆ ಅದುರಿತು, ಕಿವಿ ಟಪ್ಪೆಂದಿತು. ಬೆಸುಗೆಯಾಗಿತ್ತು.

ಎಲ್ಲರೂ ಗೋಡೆಯ ಬಾಗಿಲಿಗೆ ಓಡಿದರು. ನಾನೂ ಎದ್ದೆ, ತಿರುಗಿ ನೋಡಿದೆ. ಪಂಪಕ್ಕ ಎದ್ದಿರಲಿಲ್ಲ. ಅಣಕಿನಲ್ಲಿ ಹಳೆಯ ಲೆಕ್ಕವೊಂದನ್ನು ತುಂಬಿಸುತ್ತಿದ್ದಳು: ಕೊಟ್ರೇಶಿಯವರ ಬಂಡಿಯ ಭಾರ, ವೇಗ, ಬಂದ ದಾರಿ, ಎಲ್ಲ ಅವಳಿಗೆ ಬಾಯಿಪಾಠ. ನಾನು ಹೋಗಲಿಲ್ಲ, ಅವಳ ಪಕ್ಕದಲ್ಲಿ ನಿಂತೆ. ಬಿಳಿ ಗೆರೆ ತುಂಬಿತು. ಪರದೆಯ ಮೇಲೆ ಆ ಬಂಡಿ, ತುಂಬಿದ ಎರಡೂ ತೊಟ್ಟಿಗಳ ಜೊತೆ, ಎಲ್ಲೂ ನಡುಗದೆ ನೇರವಾಗಿ ಬಂದು ಗೋಡೆಗೆ ಕೂಡಿಕೊಂಡಿತು.

“ಬಂದ್ರು” ಎಂದಳು ಪಂಪಕ್ಕ.

ತಪ್ಪು ನಿಮ್ಮದೆಂದು ನಾನು ಹೇಳುವುದಿಲ್ಲ. ನೀವು ಬರೆದಾಗ ಅಲ್ಲಿ ತೊಟ್ಟಿಯೂ ಇರಲಿಲ್ಲ, ನಾವೂ ಇರಲಿಲ್ಲ. ಆದರೆ ನಮ್ಮ ತೇಪೆ ಬರೆದವರನ್ನು ಅವರು ಬರೆಯುವ ಮೊದಲೇ ತಲುಪಲು ನನಗೆ ಯಾವ ಪುಟವೂ ಇಲ್ಲ, ಇರುವುದು ನಿಮ್ಮದೊಂದೇ. ಇದು ಕೈ ಸೇರಿದ ಕೂಡಲೇ ಆ ಗೂಡಿನ ಹೆಸರನ್ನು ‘ಹಿಂದಿನ ಕ್ಷಣದ ವೇಗ’ ಎಂದು ತಿದ್ದಿಬಿಡಿ. ಉದ್ದವಾಯಿತೆಂದು ಬೇಸರಪಡಬೇಡಿ. ತಿದ್ದಿದರೆ ಕೊಟ್ರೇಶಿಯವರ ಬಂಡಿಯೂ ನಡುಗುವುದಿಲ್ಲ, ನಾನು ಈ ಪತ್ರ ಬರೆಯುವುದೇ ಇಲ್ಲ, ನಿಮ್ಮ ಹೆಸರೂ ನನಗೆ ಗೊತ್ತಾಗುವುದಿಲ್ಲ, ಅದಕ್ಕೇನೂ ದುಃಖವಿಲ್ಲ. ನನ್ನ ಗಂಡ ಹೇಗೂ ಬಂದಿದ್ದಾರೆ, ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ. ಪಂಪಕ್ಕ ಇನ್ನೂ ಅಣಕಿನ ಮನೆಯಲ್ಲಿದ್ದಾಳೆ. ಆ ಬಂಡಿಯನ್ನು ಮತ್ತೆ ಮತ್ತೆ ಊರಿಗೆ ತರಿಸುತ್ತಿದ್ದಾಳೆ.