ಐವಾ ರಾಜಧಾನಿಯಲ್ಲಿ ಕೇಳಿದ ಪ್ರಶ್ನೆ

ಹಾರ್ಲೋ ಗಿರಣಿ, ಉತ್ತರ ಕೆರೊಲೈನಾ
ಭಾನುವಾರ, ೯ ಫೆಬ್ರವರಿ ೧೯೪೧

ಪ್ರಿಯ ಆರ್ವಿಲ್,

ನನ್ನ ಕೈಬರಹ ನೋಡಿ ಯಾರೋ ಹೋದರೆಂದು ಗಾಬರಿಯಾಗಬೇಡ. ನೀನು ಟೆನೆಸ್ಸಿಗೆ ಹೋದ ಮೇಲೆ ನಾನು ಬರೆದದ್ದು ಎರಡೇ ಕಾಗದ, ಎರಡೂ ಸಾವಿನ ಸುದ್ದಿಯವು. ಇದು ಹಾಗಲ್ಲ. ಎಲ್ಲರೂ ಚೆನ್ನಾಗಿದ್ದೇವೆ. ಚಳಿ ಬಂತೆಂದರೆ ನನ್ನ ಮಂಡಿಯೊಂದು ಹಟ ಹಿಡಿಯುತ್ತದೆ, ಅಷ್ಟೇ.

ಕಳೆದ ಸೋಮವಾರದ ಸುದ್ದಿ ನಿಮ್ಮ ಕಡೆಯೂ ರೇಡಿಯೋದಲ್ಲಿ ಬಂದಿರಬೇಕು. ದುಡಿಮೆಯ ಗಂಟೆಗಳಿಗೆ ಮಿತಿ ಹಾಕಿ, ಹದಿನಾರು ತುಂಬದ ಮಕ್ಕಳನ್ನು ಗಿರಣಿಗೆ ಸೇರಿಸಕೂಡದೆಂದು ವಾಷಿಂಗ್ಟನ್ ಸರ್ಕಾರ ಮಾಡಿದ ಕಾನೂನು ಸಂವಿಧಾನಕ್ಕೆ ಒಪ್ಪುತ್ತದೆ ಎಂದು ಸುಪ್ರೀಂ ಕೋರ್ಟು ಹೇಳಿತು. ೧೯೧೮ರಲ್ಲಿ ತಾನೇ ಕೊಟ್ಟಿದ್ದ ತೀರ್ಪು ತಪ್ಪೆಂದೂ ಒಪ್ಪಿಕೊಂಡಿತು. ಈ ಸಲ ದಾವೆ ನಿನ್ನ ಕಸುಬಿನದು, ಜಾರ್ಜಿಯಾದ ಒಂದು ಮರ ಕೊಯ್ಯುವ ಗಿರಣಿಯದು. ನಾನು ಪಾಳಿ ಮುಗಿಸಿ ಹೊರಗೆ ಬಂದಾಗ ಅಂಗಡಿಯ ಮುಂದೆ ಜನ ಸೇರಿದ್ದರು. ಮುದುಕ ಗ್ಯಾಡಿ ನನ್ನನ್ನು ಕಂಡವನೇ, "ಲೆಟಿ, ನಿನ್ನ ಮಗಳು ಗೆದ್ದಳು ಕಣೇ, ನಿನ್ನ ಗಂಡ ಸೋತ" ಅಂದ. ತಮಾಷೆಗೆ ಅಂದದ್ದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಮಾತ್ರ ಒಲೆ ಹೊತ್ತಿಸದೆ ಬಹಳ ಹೊತ್ತು ಕೂತಿದ್ದೆ.

ಆ ಹಳೆಯದು ನಿನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಮೊದಲಿಂದ ಬರೆಯುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಹೇಳಲು ನನಗೆ ಧೈರ್ಯ ಬರುವುದಿಲ್ಲ.

೧೯೧೭ರಲ್ಲಿ ನಮ್ಮ ಐವಾಗೆ ಹನ್ನೆರಡು ವರ್ಷ. ಆಗಲೇ ನೂಲುವ ಕೋಣೆಯಲ್ಲಿ ದಿನಕ್ಕೆ ಹನ್ನೊಂದು ಗಂಟೆ ನಿಲ್ಲುತ್ತಿದ್ದಳು. ಸೆಪ್ಟೆಂಬರಿನಲ್ಲಿ ವಾಷಿಂಗ್ಟನ್ನಿನ ಹೊಸ ಕಾನೂನು ಬಂತು. ಹದಿನಾಲ್ಕು ತುಂಬದ ಮಕ್ಕಳು ದುಡಿಯುವ ಗಿರಣಿಯ ಸರಕು ರಾಜ್ಯದ ಗಡಿ ದಾಟುವ ಹಾಗಿಲ್ಲ. ನಮ್ಮ ನೂಲೆಲ್ಲ ಉತ್ತರಕ್ಕೇ ಹೋಗುತ್ತಿತ್ತಲ್ಲ, ಹಾಗಾಗಿ ಮಕ್ಕಳನ್ನೆಲ್ಲ ಮನೆಗೆ ಕಳಿಸಿದರು. ಐವಾ ಶಾಲೆಗೆ ಹೋದಳು. ಸಂಜೆ ಬಂದು, ಹಾಸಿಗೆ ಹಿಡಿದಿದ್ದ ನನ್ನಮ್ಮನಿಗೆ ಭೂಗೋಳದ ಪುಸ್ತಕ ಓದಿ ಹೇಳುತ್ತಿದ್ದಳು. ನೀನು ಬಾಗಿಲಲ್ಲಿ ಕೂತು ಬೂಟು ಬಿಚ್ಚುವುದನ್ನೂ ಮರೆತು ಕೇಳುತ್ತಿದ್ದೆ.

ಆಮೇಲೆ ಮೇಲ್ವಿಚಾರಕ ಪ್ರೂಯಿಟ್ ಗಿರಣಿಯ ನಿಯಮ ನೆನಪಿಸಿದ. ಕಂಪನಿಯ ಮನೆಯಲ್ಲಿ ಕೋಣೆಗೊಬ್ಬ ಆಳು ದುಡಿಯಬೇಕು. ನಮಗೆ ಮೂರು ಕೋಣೆ, ದುಡಿಯುವವರು ಈಗ ಇಬ್ಬರೇ. ಮನೆ ಬಿಡಬೇಕು, ಇಲ್ಲವೇ ಒಂದು ಕಾಗದಕ್ಕೆ ಸಹಿ ಹಾಕಬೇಕು. ಮಗಳ ದುಡಿಮೆ ತಂದೆಯ ಹಕ್ಕು, ರಾಜ್ಯದೊಳಗಿನ ಗಿರಣಿಯ ವಿಚಾರಕ್ಕೆ ವಾಷಿಂಗ್ಟನ್ ಬರುವಂತಿಲ್ಲ ಎಂಬ ದಾವೆ ಅದು. ವಕೀಲರನ್ನು ಗಿರಣಿಯವರೇ ಇಟ್ಟಿದ್ದರು, ಬೇಕಾಗಿದ್ದದ್ದು ಒಬ್ಬ ತಂದೆಯ ಹೆಸರು. ನಿನ್ನ ಹೆಸರು ಬಿತ್ತು. ಬೇರೆ ಊರುಗಳ ತಂದೆಯರೂ ಹೀಗೇ ಸಹಿ ಹಾಕಿದ್ದರು. ವಾಷಿಂಗ್ಟನ್ನಿನವರೆಗೆ ಹೋದದ್ದು ಇನ್ನೊಬ್ಬನ ದಾವೆ, ನಮ್ಮದು ವಕೀಲರ ಕಚೇರಿಯ ಕಟ್ಟಿನಲ್ಲೇ ಉಳಿಯಿತು. ಆದರೂ ಈ ಊರಿಗೆ ನೆನಪಿರುವುದು ನಿನ್ನ ಹೆಸರೊಂದೇ.

ಮರುವರ್ಷ ಜೂನಿನಲ್ಲಿ ಸುಪ್ರೀಂ ಕೋರ್ಟು ಹೇಳಿತು: ಗಡಿ ದಾಟುವ ವ್ಯಾಪಾರ ವಾಷಿಂಗ್ಟನ್ನಿನದು, ಗಿರಣಿಯ ಗೋಡೆಯೊಳಗಿನದು ಆಯಾ ರಾಜ್ಯದ್ದು. ಕಾನೂನು ಬಿದ್ದುಹೋಯಿತು. ಮರುವಾರ ಐವಾ ಮತ್ತೆ ಯಂತ್ರದ ಮುಂದೆ ನಿಂತಳು. ಆಗಸ್ಟಿನಲ್ಲಿ ಹಲ್ಲುಗಾಲಿ ಅವಳ ಎಡಗೈಯ ಎರಡು ಬೆರಳನ್ನು ತೆಗೆದುಕೊಂಡಿತು.

ಕೈಯ ಕಟ್ಟು ಬಿಚ್ಚಿದ ದಿನ ಅವಳು ನಿನ್ನೆದುರು ನಿಂತು, "ಅಪ್ಪಾ, ಆ ಕಾಗದಕ್ಕೆ ಸಹಿ ಹಾಕಿದ್ದು ನೀನೇನಾ?" ಅಂದಳು. "ಹೌದು ಮಗಳೇ, ನಾನೇ" ಅಂದೆ ನೀನು. ಅದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಲಿಲ್ಲ. ನಾನು ಒಲೆಯ ಕಡೆ ಮುಖ ಮಾಡಿ ನಿಂತಿದ್ದೆ. ಅವಳು ನಿನ್ನ ಜೊತೆ ಮಾತು ಬಿಟ್ಟದ್ದು ಅಂದಿನಿಂದ. ಒಂದೂವರೆ ವರ್ಷ ಅದೇ ಮೌನದಲ್ಲಿ ಊಟ ಮಾಡಿ, ಕೊನೆಗೆ ನೀನು ಊರನ್ನೇ ಬಿಟ್ಟೆ.

ಈಗ ನಿನ್ನ ಮಗಳ ಸಂಗತಿ ಕೇಳು. ನೀನು ನೋಡಿಲ್ಲ, ನಾನು ನೋಡಿದ್ದೇನೆ.

ಅವಳು ಬೇರೆಯವರಂತೆ ನ್ಯಾಯಾಧೀಶರನ್ನು ಬೈದವಳಲ್ಲ. ತೀರ್ಪು ಅಚ್ಚಾಗಿದ್ದ ಪತ್ರಿಕೆಯನ್ನು ಎತ್ತಿಟ್ಟುಕೊಂಡು, ಮೊದಲು ತಡವರಿಸುತ್ತ, ಆಮೇಲೆ ನಿಘಂಟು ಇಟ್ಟುಕೊಂಡು, ವರ್ಷಗಟ್ಟಲೆ ಓದಿದಳು. ಹೆಣ್ಣು ಕೆಲಸಗಾರರಿಗೆಂದು ಬೇಸಿಗೆಯಲ್ಲಿ ನಡೆಯುವ ಶಾಲೆಗೆ ಎರಡು ಸಲ ಹೋಗಿಬಂದಳು. ಒಂದು ದಿನ ಬಟಾಣಿ ಬಿಡಿಸುತ್ತ ನನಗೆ ಹೇಳಿದಳು: "ಎಲ್ಲೆ ಅನ್ನೋದು ಬೇಕಮ್ಮ. ವಾಷಿಂಗ್ಟನ್ ಎಲ್ಲದಕ್ಕೂ ಕೈ ಹಾಕಿದ್ರೆ ಅದೂ ಕಷ್ಟವೇ. ಆದ್ರೆ ಎಲ್ಲೆ ಅಂದಮೇಲೆ ಆಚೆ ಕಡೆ ಒಬ್ಬ, ಈಚೆ ಕಡೆ ಒಬ್ಬ ಜವಾಬ್ದಾರ ಇರಬೇಕು. ನಮಗೆ ಎರಡೂ ಕಡೆ ಯಾರೂ ಇರಲಿಲ್ಲ."

ವಾಷಿಂಗ್ಟನ್ನಿಗೆ ಹಕ್ಕಿಲ್ಲವೆಂದಾದರೆ ನಮ್ಮ ರಾಜಧಾನಿ ರಾಲಿಗೇ ಹೋಗುತ್ತೇನೆ ಎಂದಳು. ನಮ್ಮ ರಾಜ್ಯದ ಶಾಸಕರು ಎರಡು ವರ್ಷಕ್ಕೊಮ್ಮೆ ಸೇರುವುದು ತಾನೇ. ೧೯೨೭ರಿಂದ ಸೇರಿದಾಗಲೆಲ್ಲ ಹೋದಳು. ಮೊದಲ ಸಲ ಅವಳನ್ನು ಒಳಗೇ ಬಿಡಲಿಲ್ಲ. ಎರಡನೆಯ ಸಲ ಒಬ್ಬ ಗುಮಾಸ್ತ, "ನೂಲೋ ಹುಡುಗೀರು ಭಾಷಣ ಮಾಡಿದ್ರೆ ನೂಲು ಯಾರು ತೆಗೀತಾರೆ?" ಎಂದು ಚುಚ್ಚಿದನಂತೆ. "ಅದನ್ನೇ ಕೇಳೋಕೆ ಬಂದೆ ಸಾರ್. ಈಗ ಮಕ್ಕಳು ತೆಗೀತಿದಾರೆ" ಅಂದಳಂತೆ ಇವಳು. ಮೂರನೆಯ ಸಲ ಹಿಂದಿರುಗಿದಾಗ ಗಿರಣಿಯಲ್ಲಿ ಅವಳ ಜಾಗ ಇರಲಿಲ್ಲ. ಎರಡು ವರ್ಷ ಒಂದು ವಸತಿಗೃಹದಲ್ಲಿ ಅಡುಗೆ ಮಾಡಿಕೊಂಡು ಬದುಕಿದಳು. ರಾಲಿ ಮಾತ್ರ ಬಿಡಲಿಲ್ಲ.

ಆರನೆಯ ಸಲ, ೧೯೩೭ರಲ್ಲಿ, ನಾನೂ ಜೊತೆಗೆ ಹೋದೆ. ಕಾರ್ಮಿಕ ಸಂಘದವನೊಬ್ಬ ಮೆಟ್ಟಿಲಲ್ಲಿ ಅವಳನ್ನು ತಡೆದು, "ಮಿಸ್ ಟೀಗ್, ಕೈಗವಸು ತೆಗೆದು ಕೈ ತೋರಿಸಿ, ಕೆಲಸ ಸಲೀಸಾಗುತ್ತೆ" ಎಂದ. ಐವಾ ತೆಗೆಯಲಿಲ್ಲ. "ನನ್ನ ಕೈ ನೋಡಿ ಅಯ್ಯೋ ಪಾಪ ಅಂತ ಕಾನೂನು ಮಾಡಿದ್ರೆ, ಅಯ್ಯೋ ಅನ್ನೋದು ಮರೆತ ದಿನ ಕಾನೂನೂ ಹೋಗುತ್ತೆ. ಅವರು ನ್ಯಾಯ ಅಂತ ಮಾಡಲಿ" ಅಂದಳು.

ಒಳಗೆ, ಜನರ ಅಹವಾಲು ಕೇಳುವ ಸಮಿತಿಯಲ್ಲಿ, ಬಿಳಿ ಮೀಸೆಯ ಸೆನೆಟರೊಬ್ಬ ಅರ್ಧ ಗಂಟೆ ಮಾತಾಡಿದ. ನಮ್ಮ ರಾಜ್ಯದ ಹಕ್ಕು, ನಮ್ಮ ಹಿರಿಯರು ಅದಕ್ಕಾಗಿ ಪಟ್ಟ ಪಾಡು, ಹೊರಗಿನವರ ದಬ್ಬಾಳಿಕೆ. ಅವನು ಕೂತ ಮೇಲೆ ಐವಾ ಎದ್ದಳು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

"ಸೆನೆಟರ್ ಹೇಳಿದ್ದನ್ನೆಲ್ಲ ಒಪ್ಪಿದೆ" ಅಂದಳು. "ನಮ್ಮ ಮನೆ ಮಕ್ಕಳ ವಿಚಾರಕ್ಕೆ ಹೊರಗಿನವರು ಬರಬಾರದು ಅಂತೀರಿ. ಸರಿ. ಒಳಗಿನವರು ನೀವೇ ಅಲ್ವ? ಆ ಹಕ್ಕು ನಿಮ್ಮದು ಅಂತ ಕೋರ್ಟು ಹೇಳಿ ಹತ್ತೊಂಬತ್ತು ವರ್ಷ ಆಯ್ತು. ಅದನ್ನ ಇಟ್ಕೊಂಡು ಇಷ್ಟು ದಿನ ಏನು ಮಾಡಿದ್ರಿ, ಅದೊಂದು ಹೇಳಿ. ಬರ್ಕೊಂಡು ಹೋಗ್ತೀನಿ."

ಪೆನ್ಸಿಲು ಹಿಡಿದು ನಿಂತೇ ಇದ್ದಳು. ಕೊನೆಗೆ ಆ ಬಿಳಿ ಮೀಸೆಯವನೇ, "ಕೂತ್ಕೊಳಮ್ಮ. ಬರ್ಕೊಳ್ಳೋಕೆ ಏನೂ ಇಲ್ಲ" ಅಂದ. ಮತ ಹಾಕುವಾಗ ಅವನೂ ಕಾನೂನಿನ ಪರವಾಗಿ ಕೈ ಎತ್ತಿದ. ಹದಿನಾರರ ಕಾನೂನು ನಮ್ಮ ರಾಜ್ಯದಲ್ಲಿ ಆ ವರ್ಷವೇ ಬಂತು, ವಾಷಿಂಗ್ಟನ್ನಿನದು ಬರುವುದಕ್ಕೆ ಒಂದು ವರ್ಷ ಮೊದಲು. ಅವಳೊಬ್ಬಳಿಂದಲೇ ಬಂತೆಂದು ನಾನು ಹೇಳುವುದಿಲ್ಲ, ನೂರಾರು ಜನ ದುಡಿದಿದ್ದರು. ಆದರೆ ಆ ದಿನ ಆ ಕೋಣೆಯಲ್ಲಿ ಎದ್ದು ನಿಂತವಳು ನಿನ್ನ ಮಗಳು. ಈಗ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿದ್ದಾಳೆ, ಎಂಟೇ ಬೆರಳಲ್ಲಿ ಟೈಪು ಮಾಡುತ್ತಾಳೆ.

ನಾನು ಕಾಗದ ಹಿಡಿದದ್ದಕ್ಕೆ ಕಾರಣವಿದೆ. ಈ ದಿನ ಚರ್ಚು ಮುಗಿಸಿ ಐವಾ ಊಟಕ್ಕೆ ಬಂದಿದ್ದಳು. ಹುರುಳಿಕಾಯಿ, ಮೆಕ್ಕೆಜೋಳದ ರೊಟ್ಟಿ ಮಾಡಿದ್ದೆ. ಅರ್ಧ ಊಟದಲ್ಲಿ ತಟ್ಟನೆ, "ಅಮ್ಮ, ಅಪ್ಪನಿಗೆ ಬರೆ. ನಾನು ಕ್ಷಮಿಸಿದೀನಿ ಅಂತ ಬರೆ. ಬರೋ ಮನಸ್ಸಿದ್ರೆ ಬರಲಿ" ಅಂದಳು. ಇಪ್ಪತ್ತೆರಡು ವರ್ಷದಲ್ಲಿ ಅವಳ ಬಾಯಲ್ಲಿ ಅಪ್ಪ ಎಂಬ ಮಾತು ಬಂದದ್ದು ಅದೇ ಮೊದಲು. ನೀನು ಕಾದಿದ್ದ ಮಾತು ಇದೇ ಎಂದು ನನಗೆ ಗೊತ್ತು. ಬಾ, ಆರ್ವಿಲ್. ಮೂರನೆಯ ಕೋಣೆ ಖಾಲಿ ಇದೆ, ಈಗ ಆ ನಿಯಮವೂ ಇಲ್ಲ.

ನಿನ್ನ
ಲೆಟಿ

ಮತ್ತೆ: ಮಂಗಳವಾರ. ಕಾಗದ ಎರಡು ದಿನದಿಂದ ಮೇಜಿನ ಮೇಲೇ ಇದೆ, ಲಕೋಟೆ ಅಂಟಿಸಲು ಕೈ ಬರಲಿಲ್ಲ. ನೀನು ಮಾಡದ ತಪ್ಪಿಗೆ ನಿನಗೆ ಕ್ಷಮೆ ಕಳಿಸುವುದು ಹೇಗೆ? ನಿನ್ನೆ ಕಡೆಯ ಬಸ್ಸಿಗೆ ಅವಳ ಮನೆಗೇ ಹೋಗಿ ಹೇಳಿಬಿಟ್ಟೆ. ಪ್ರೂಯಿಟ್‌ನ ಮನೆಗೆ ಹೋಗಿ, ಸಹಿ ಹಾಕಿಸುತ್ತೇನೆಂದು ಮೊದಲು ಹೇಳಿದವಳು ನಾನು, ನೀನು ಎರಡು ಸಲ ಆಗುವುದಿಲ್ಲ ಎಂದೆ, ಮೂರನೆಯ ಸಲ ನನ್ನಮ್ಮನನ್ನು ಬೀದಿಯಲ್ಲಿ ಮಲಗಿಸುತ್ತೀಯಾ ಎಂದು ಕೇಳಿ ಪೆನ್ನನ್ನು ನಿನ್ನ ಕೈಗೆ ಕೊಟ್ಟವಳೂ ನಾನೇ ಎಂದು. ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. "ಅಪ್ಪ ಒಂದು ಸಲವಾದ್ರೂ ಹೇಳಬಹುದಿತ್ತಲ್ಲ" ಅಂದಳು. ಅವಳಿಗೆ ಅಮ್ಮ ಒಬ್ಬಳಾದರೂ ಉಳಿಯಲಿ ಎಂದು ನೀನು ಹೇಳಲಿಲ್ಲ ಎಂದೆ ನಾನು. ಆಮೇಲೆ ಅವಳು ಎದ್ದು ಬಸ್ಸಿನ ವೇಳಾಪಟ್ಟಿ ಹುಡುಕಿದಳು. ನೀನು ಬರುವುದು ಬೇಡ. ಶನಿವಾರ ಮಧ್ಯಾಹ್ನ ನಿನ್ನ ಮರದ ಗಿರಣಿಯ ಬಾಗಿಲಲ್ಲಿ ಇರು. ಕ್ಷಮೆ ಕೇಳಲು ಅವಳೇ ಬರುತ್ತಿದ್ದಾಳೆ.