ಯಾವ ಜಿಕೊ?

ಇಲೆಂಬುಲ
ಜೂನ್ 19, 1994

ಪ್ರೀತಿಯ ಮಗ ಓಬೇದಿಗೆ,

ಹೇಗಿದ್ದೀಯಪ್ಪಾ? ಮಕೆಟೆ ಬೆಟ್ಟದಲ್ಲಿ ಈಗ ಬೆಳಗಾದರೆ ಬಕೆಟ್ಟಿನ ನೀರೂ ಗಟ್ಟಿಯಾಗಿರುತ್ತದಂತೆ. ಕೆಮ್ಮು ಬಂದಿಲ್ಲ ತಾನೇ? ಹೊಟ್ಟೆ ತುಂಬ ಉಣ್ಣುತ್ತೀಯೋ, ಇಲ್ಲ ಮರ ಕುಯ್ಯುವವರ ಜೊತೆ ಬರೀ ಆಲೂಗಡ್ಡೆ ಸುಟ್ಟುಕೊಂಡು ತಿನ್ನುತ್ತೀಯೋ? ನಾವು ಇದ್ದೇವೆ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಕಂದು ಮೇಕೆ ಎರಡು ಮರಿ ಹಾಕಿತು.

ನಿನ್ನೆ ಬಸ್ಸಿನ ಕಂಡಕ್ಟರ್ ಸಾಂಗಾ, ಓಬೇದಿಯ ತಾಯಿ ಎಂದು ನನ್ನನ್ನೇ ಕರೆದು, ಸಂತೆಗೆಲ್ಲ ಕೇಳುವ ಹಾಗೆ ಕೂಗಿದ: "ಮಾಮಾ ಓಬೇದಿ, ಕೋಳಿ ಕುಯ್ಸಿ. ನಿಮ್ಮ ಮಗನಿಗೆ ಜಿಕೊ ಸಿಕ್ತಂತೆ, ಹೇಳಿಕಳಿಸಿದಾನೆ." ಹೆಂಗಸರೆಲ್ಲ ನಾಲಿಗೆ ಹೊರಳಿಸಿ ಮದುವೆಯ ಕೂಗು ಹಾಕಿದರು. ನನ್ನ ಈರುಳ್ಳಿ ಬುಟ್ಟಿ ಕೈಜಾರಿ ಬಿತ್ತು. ಯಾವ ಜಿಕೊ, ಒಲೆಯೋ ಹೆಂಡತಿಯೋ ಎಂದು ಕೇಳಿದೆ. "ಅದನ್ನೆಲ್ಲಾ ನಾನ್ಯಾಕೆ ಕೇಳ್ಲಿ ಮಾಮಾ, ಗಂಡಸು ಒಲೆ ತಗೊಂಡ್ರೆ ತಾಯಿಗೆ ಹೇಳಿಕಳಿಸ್ತಾನಾ?" ಎಂದು ನಕ್ಕ. ಅವನನ್ನು ಬೈದು ಪ್ರಯೋಜನವಿಲ್ಲ. ಹೊಸಬ, ಅವನಿಗೆ ನಮ್ಮ ಲಾಜಾರೋ ಗೊತ್ತಿಲ್ಲ.

ನಿನ್ನ ತಮ್ಮನ ವಿಷಯ ನಿನಗೂ ಪೂರ್ತಿ ಗೊತ್ತಿಲ್ಲ. ಹೋದ ವರ್ಷ ನೀನು ಬರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. "ಎದೆನೋವು ಬಂದು ಹೋದ ಅಂತ ಹೇಳಿ. ಇರೋನೊಬ್ಬನ ಮನಸ್ಸೂ ಕೆಡಿಸ್ಬೇಡಿ" ಎಂದು ನಿಮ್ಮಪ್ಪ ಎಲ್ಲರ ಬಾಯಿ ಕಟ್ಟಿದರು. ಇವತ್ತು ಆ ಕಟ್ಟು ಬಿಚ್ಚುತ್ತೇನೆ, ಅವರು ಏನಾದರೂ ಅಂದುಕೊಳ್ಳಲಿ.

ಆಗಲೂ ಹೀಗೇ ಬಸ್ಸಿನಲ್ಲಿ ಮಾತು ಬಂತು. ಚಹಾ ತೋಟದ ಕೂಲಿಯವರ ಲೈನಿನಿಂದ ಲಾಜಾರೋ ಹೇಳಿಕಳಿಸಿದ್ದ: "ನನಗೆ ಜಿಕೊ ಸಿಕ್ಕಿದೆ, ಇನ್ನು ಚಳಿಯ ಚಿಂತೆ ಇಲ್ಲ ಅಂತ ಅಮ್ಮನಿಗೆ ಹೇಳಿ." ಮದುವೆಯ ವಯಸ್ಸಿನ ಹುಡುಗ ಹೀಗಂದರೆ ಯಾವ ತಾಯಿ ಒಲೆ ಅಂದುಕೊಂಡಾಳು, ನೀನೇ ಹೇಳು. ಅವತ್ತೇ ಹೋಗಿ ಸೊಸೆಗೆಂದು ಕಾಂಗಾ ಬಟ್ಟೆ ಕೊಂಡೆ, ಕೆಂಪು ಅಂಚಿನದು, 'ಬಂದವಳೇ ಬಾ, ಮನೆ ನಿನ್ನದು' ಎಂದು ಅಚ್ಚು ಹಾಕಿರುವುದು. ನಿನ್ನ ಸೋದರತ್ತೆ ಯೂನಿಸಿಯ ನಾಲಿಗೆ ಗೊತ್ತಲ್ಲ, ಅದಕ್ಕೆ ಎಲುಬಿಲ್ಲ. ವಾಪಸು ಹೋಗುವ ಬಸ್ಸಿನಲ್ಲಿ ಬುದ್ಧಿಮಾತು ಕಳಿಸಿದಳು: "ಹೊಸ ಜಿಕೊ, ಹುಷಾರು ಕಣೋ. ರಾತ್ರಿ ಹೊರಗೆ ಬಿಟ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ. ಒಳಗೇ ಇಟ್ಕೊಂಡು ಬಾಗಿಲು ಭದ್ರ ಮಾಡ್ಕೋ." ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ.

ಭಾನುವಾರ ಕೋಳಿ, ಒಂದು ಕ್ಯಾನು ಹೆಂಡ, ಕಾಂಗಾ ಹಿಡಿದು ಹೊರಟೆವು. ಲೈನಿನ ತಿರುವಿನಲ್ಲೇ ಯೂನಿಸಿ ಮದುವೆಯ ಕೂಗು ಹಾಕಿದಳು. ಯಾರೂ ತಿರುಗಿ ಕೂಗಲಿಲ್ಲ. ಅಂಗಳದಲ್ಲಿ ಹೆಂಗಸರು ಸಾವಿನ ಮನೆಯಲ್ಲಿ ಕೂರುವ ಹಾಗೆ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದರು. ಆಗಲೂ ನಾನು, ಹೆಣ್ಣಿನ ಕಡೆಯವರು ಮೊದಲೇ ಬಂದಿದ್ದಾರೆ ಅಂದುಕೊಂಡೆ, ನೋಡು ನನ್ನ ಬುದ್ಧಿ. ಬಾಗಿಲು ಒಡೆದಿದ್ದರು. ಕಿಟಕಿಯ ಸಂದಿಗೆಲ್ಲ ಗೋಣಿ ತುರುಕಿತ್ತು. ಮಂಚದ ಪಕ್ಕ ತಗಡಿನ ಇದ್ದಿಲ ಒಲೆ, ಹೊಚ್ಚ ಹೊಸದು, ಒಳಗೆ ಬೆಳ್ಳಗೆ ಬೂದಿ. "ಮೊದಲು ಅಂಗಳದಲ್ಲೇ ಇಡ್ತಿದ್ದ. ಕದೀತಾರೆ, ಒಳಗಿಟ್ಕೋ ಅಂತ ಮನೆಯಿಂದ ಹೇಳಿಕಳಿಸಿದ್ರಂತೆ" ಎಂದಳು ಪಕ್ಕದ ಮನೆಯವಳು. ನಮ್ಮ ಸೌದೆ ಒಲೆಯಾದರೆ ಕಣ್ಣು ಉರಿಸಿ, ಕೆಮ್ಮಿಸಿ ಎಬ್ಬಿಸುತ್ತದೆ. ಇದ್ದಿಲು ಕೆಂಡವಾದ ಮೇಲೆ ಹೊಗೆ ಕಾಣುವುದಿಲ್ಲ ಮಗನೇ, ಅದರ ವಿಷ ನಿದ್ದೆಯಲ್ಲೇ ಕೊಲ್ಲುತ್ತದೆ. ಅವನ ಮುಖ ನಿದ್ದೆ ಮಾಡುವವನ ಹಾಗೇ ಇತ್ತು. ನಾನು ಭುಜ ಅಲುಗಿಸಿ ಕರೆದೆ.

ಆಮೇಲೆ ಯೂನಿಸಿ ಕಾವೊಗೊ ಮೇಷ್ಟ್ರ ಮನೆಗೆ ಹೋಗಿ, ತಪ್ಪು ನನ್ನದೋ ಮಾತಿನದೋ ನಿಮ್ಮ ಪುಸ್ತಕ ನೋಡಿ ಹೇಳಿ ಎಂದು ಅತ್ತಳು. ಪಾಪ, ಅವರು ನಿಘಂಟು ಹಿಡಿದುಕೊಂಡೇ ಬಂದು ನಮ್ಮೆದುರು ಓದಿದರು. ಜಿಕೊ ಎಂದರೆ ಒಲೆ, ಅಡುಗೆಯ ಜಾಗ, ಆಡುಮಾತಿನಲ್ಲಿ ಹೆಂಡತಿ. ಮಾತು ಇನ್ನೂ ಜಿಕೊದಲ್ಲಿದೆ ಎಂದರೆ ತೀರ್ಮಾನವಾಗಿಲ್ಲ ಎಂದು, ಜಿಕೊದ ಬಳಿ ಕೂತವನು ಎಂದರೆ ಒಳಗುಟ್ಟು ಬಲ್ಲವನು ಎಂದು. ಸಾವು ಅಂತ ಬರೆದಿಲ್ಲವೇ ಮೇಷ್ಟ್ರೇ ಎಂದು ಕೇಳಿದೆ. ಪುಸ್ತಕ ಮುಚ್ಚಿ, ಇಲ್ಲ ಅಂದರು. ನನಗೆ ಆ ಪುಸ್ತಕದ ಮೇಲೆ ಬಂದ ಸಿಟ್ಟು ಇನ್ನೂ ಹೋಗಿಲ್ಲ. ಯೂನಿಸಿ ಅವತ್ತಿನಿಂದ ತಮಾಷೆ ಮಾಡುವುದನ್ನೇ ಬಿಟ್ಟಿದ್ದಾಳೆ. ನಿನ್ನೆ ಸಾಂಗಾ ಕೂಗಿದಾಗ ಸಂತೆ ಅರ್ಧಕ್ಕೇ ಬಿಟ್ಟು ಮನೆಗೆ ಹೋದಳು.

ನನಗೆ ಭಯವಾಗುತ್ತಿದೆ, ಓಬೇದಿ. ದೇವರು ನಿನ್ನ ಉಸಿರು ಕಾಯಲಿ. ಅಪ್ಪ, ಅತ್ತೆ ಇಬ್ಬರೂ ನಿನ್ನನ್ನು ಕೇಳಿದರೆಂದು ತಿಳಿ.

ನಿನ್ನ ಹೆಸರಿನಿಂದಲೇ ಕರೆಸಿಕೊಳ್ಳುವ ನಿನ್ನ ಅಮ್ಮ,
ಮಾಮಾ ಓಬೇದಿ

ಮತ್ತೆ: ಬಸ್ಸು ಹಾರ್ನ್ ಹೊಡೆಯುತ್ತಿದೆ. ಕಾಗದದ ಜೊತೆ ಆ ಕಾಂಗಾ ಕಳಿಸಿದ್ದೇನೆ, ಮಡಿಕೆ ಬಿಚ್ಚಿಲ್ಲ. ನಿನ್ನ ಜಿಕೊ ಹೆಣ್ಣಾದರೆ ಅವಳಿಗೆ ಹೊದಿಸಿ ಒಳಗೆ ಕರೆದುಕೋ. ಒಲೆಯಾದರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ ಎತ್ತಿ ಅಂಗಳದಲ್ಲಿಡು, ಕದ್ದವರು ಕದ್ದುಕೊಂಡು ಹೋಗಲಿ. ಕಿಟಕಿ ತೆಗೆ. ಕಾಂಗಾ ನೀನೇ ಹೊದ್ದು ಮಲಗು. ಇದೇ ಬಸ್ಸಿನಲ್ಲಿ ಉತ್ತರ ಹೇಳಿಕಳಿಸು. ಜಿಕೊ ಅನ್ನಬೇಡ. ಹೆಣ್ಣಾದರೆ ಅವಳ ಹೆಸರು ಹೇಳು.