ಹಿರಿಯರು ಒಬ್ಬರು ಬರಬೇಕಂತೆ

ನನ್ನ ಕೋಣೆಯಿಂದ,
ಮಾರ್ಚ್ ೧೪, ಭಾನುವಾರ

ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ಅವತ್ತು ನೀನು ಮೆಟ್ಟಿಲಲ್ಲಿ ಗೋಡೆ ಹಿಡಿದು ನಿಂತಿದ್ದನ್ನು ನೋಡಿದೆ. ಅಸಡ್ಡೆ ಮಾಡಬೇಡ, ಡಾಕ್ಟರಿಗೆ ತೋರಿಸು. ನಾನು ಚೆನ್ನಾಗಿದ್ದೇನೆ. ನೀನು ಕೇಳಲಿಲ್ಲ, ಆದರೂ ಹೇಳುತ್ತಿದ್ದೇನೆ. ಈ ಕಾಗದವನ್ನು ಅಂಚೆಗೆ ಹಾಕಿಲ್ಲ, ಚಿಕ್ಕಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ. ಹೆದರಬೇಡ.

"ಎರಡು ವಾರ ಅಷ್ಟೇ ಪುಟ್ಟಿ, ಬಂದು ಕರ್ಕೊಂಡು ಹೋಗ್ತೀನಿ" ಎಂದು ನೀನು ನನ್ನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಹೋದಾಗ ನನಗೆ ಆರು ವರ್ಷ. ನೀನು ಮತ್ತೆ ಮದುವೆಯಾದ ಸುದ್ದಿ ನನಗೆ ತಿಳಿದದ್ದು ಚಿಕ್ಕಪ್ಪ ಪಕ್ಕದ ಮನೆಯವರಿಗೆ ಹೇಳುವಾಗ. ಚಿಕ್ಕಮ್ಮ ಕೆಟ್ಟವಳಲ್ಲ. ಹೊಟ್ಟೆಗೆ ಕಡಿಮೆ ಮಾಡಲಿಲ್ಲ, ಶಾಲೆಗೂ ಕಳಿಸಿದಳು. ಆದರೆ ಬೆಳಗಾದರೆ ನನ್ನ ಹಾಸಿಗೆ ಸುತ್ತಿ ಅವರ ಮಂಚದ ಕೆಳಗೆ ತಳ್ಳಬೇಕು. ಆಮೇಲೆ ಆ ಮನೆಯಲ್ಲಿ ನಾನಿದ್ದೇನೆ ಎನ್ನುವುದಕ್ಕೆ ಗುರುತೇ ಇರುತ್ತಿರಲಿಲ್ಲ. ಬಂದವರು ಯಾರಿವಳು ಎಂದರೆ ಚಿಕ್ಕಪ್ಪ "ನಮ್ಮನೇಲಿರೋ ಹುಡುಗಿ" ಎನ್ನುತ್ತಿದ್ದರು. ಹದಿಮೂರು ವರ್ಷ ಅದೇ ನನ್ನ ಹೆಸರು. ಈ ವರ್ಷ ಅವರ ಮಗನಿಗೆ ಮದುವೆ ಗೊತ್ತಾಯಿತು. "ಸೊಸೆ ಬರ್ತಾಳೆ, ಜಾಗ ಸಾಲಲ್ಲ. ನಿನ್ನ ದಾರಿ ನೀನೇ ನೋಡ್ಕೋಬೇಕಮ್ಮ" ಎಂದು ಚಿಕ್ಕಮ್ಮ ನನ್ನ ಮುಖ ನೋಡದೆ ಅಂದಳು.

ನಾನು ಪುಸ್ತಕಕ್ಕೆ ಬೈಂಡ್ ಹಾಕುವ ಕಡೆ ಕೆಲಸಕ್ಕಿದ್ದೇನೆ. ಹಾಳೆ ಮಡಚಿ, ದಾರದಲ್ಲಿ ಹೊಲಿದು, ಬೆನ್ನಿಗೆ ಅಂಟು ಬಳಿಯುವುದು. ಅದರ ಹಿಂದಿನ ಬೀದಿಯಲ್ಲೇ ಒಂದು ಕೋಣೆ ಸಿಕ್ಕಿತು. ಒಂದೇ ಕಿಟಕಿ, ಆದರೆ ಬಾಗಿಲಿಗೆ ಒಳಗಿನಿಂದ ಚಿಲಕವಿದೆ. ಮನೆಯ ಒಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಒಂಟಿ ಹುಡುಗಿಗೆ ಸುಮ್ನೆ ಕೊಡಕ್ಕಾಗಲ್ಲ. ಹಿರಿಯರು ಒಬ್ಬರು ಬಂದು, ಇವಳು ನಮ್ಮ ಹುಡುಗಿ ಅಂತ ಹೇಳ್ಲಿ, ಸಾಕು" ಎಂದರು. ಚಿಕ್ಕಪ್ಪ "ನಂಗ್ಯಾಕೆ ಇಲ್ಲದ ಉಸಾಬರಿ" ಎಂದು ಕೈ ಕೊಡವಿದರು. ಅದಕ್ಕೇ ಬಸ್ಸು ಹತ್ತಿ ನಿನ್ನ ಮನೆಗೆ ಬಂದದ್ದು. ನಿನ್ನ ಜೊತೆ ಇರಲು ಬಂದವಳಲ್ಲಮ್ಮಾ, ಒಂದು ಮಾತು ಹೇಳಿಸಿಕೊಂಡು ಹೋಗಲು ಬಂದಿದ್ದೆ.

ನಿನ್ನ ಗಂಡ ಒಳಗಿನಿಂದ "ಯಾರೇ ಅದು?" ಎಂದು ಕೇಳಿದರು. ನೀನು ನನ್ನ ಮುಖ ನೋಡುತ್ತಲೇ "ಯಾರೋ ಮನೆಕೆಲಸ ಕೇಳ್ಕೊಂಡು ಬಂದಿದ್ದಾಳೆ ರೀ" ಎಂದೆ. ದನಿ ಒಂಚೂರೂ ನಡುಗಲಿಲ್ಲ. ಆಮೇಲೆ ಮೆಟ್ಟಿಲವರೆಗೆ ಬಂದು "ಅವರಿಗೆ ಗೊತ್ತಿಲ್ಲ ಕಣೆ, ನನ್ನ ಸಂಸಾರ ಹಾಳು ಮಾಡ್ಬೇಡ" ಎಂದು ಪಿಸುಗುಟ್ಟಿದೆ. ನನ್ನ ಕೆನ್ನೆ ಸವರಲು ಕೈ ಎತ್ತಿದವಳು ಎದುರು ಮನೆಯ ಕಿಟಕಿ ನೋಡಿ ಇಳಿಸಿಬಿಟ್ಟೆ. ವಾಪಸು ಬರುವಾಗ ಸೀಟು ಖಾಲಿಯಿದ್ದರೂ ನಾನು ದಾರಿಯುದ್ದಕ್ಕೂ ನಿಂತೇ ಬಂದೆ.

ಮರುದಿನ ನಮ್ಮ ಮೇಸ್ತ್ರಿ, ನನಗೆ ದಿನವೂ ಬೈಯುವ ಮನುಷ್ಯ, ವಿಷಯ ಕೇಳಿ ಅಂಟಿನ ಕೈ ಒರೆಸಿಕೊಂಡು ನನ್ನ ಜೊತೆ ಹೊರಟೇಬಿಟ್ಟರು. "ಇವಳು ನಮ್ಮ ಹುಡುಗಿ. ಬಾಯಿ ಜೋರು, ಕೆಲಸ ಅಚ್ಚುಕಟ್ಟು. ಏನಾದ್ರೂ ಆದ್ರೆ ನನ್ನ ಕೇಳಿ" ಅಂದರು. ಅಷ್ಟೇ. ಎರಡು ನಿಮಿಷದ ಕೆಲಸ, ಅಮ್ಮಾ.

ನಿನ್ನ ಮಕ್ಕಳು ಚೆನ್ನಾಗಿ ಓದಲಿ. ಅವರಿಗೆ ನನ್ನ ಪ್ರೀತಿ ತಿಳಿಸು ಎಂದು ಬರೆಯಲಾರೆ; ಯಾರ ಪ್ರೀತಿ ಎಂದು ತಿಳಿಸುತ್ತೀಯ?

ನಿನ್ನ ಹಿರಿಮಗಳು

ಬರೆಯಲು ಮರೆತೆ: ಕರಾರು ಪತ್ರದಲ್ಲಿ ತಾಯಿ ಎಂಬಲ್ಲಿ ಏನು ಬರೆಯಲಿ ಎಂದು ಒಡತಿ ಕೇಳಿದರು. ತೀರಿಹೋದರು ಎಂದು ಬರೆಸಿದ್ದೇನೆ. ಅವರು ಅಯ್ಯೋ ಪಾಪ ಎಂದು ಕೂರಿಸಿ ಊಟ ಬಡಿಸಿದರು. ನಾನು ಹೊಟ್ಟೆ ತುಂಬ ಉಂಡೆ. ಚಿಕ್ಕಮ್ಮನ ಹತ್ತಿರ ವಿಳಾಸ ಕೇಳಿಕೊಂಡು ಬರಬೇಡ.